ಮುಂದಿನ ಸಾಲಿನ ಜೋಡಿ ಬೊಂಬೆ

ಹುಬ್ಬಳ್ಳಿ ಬದಿಯ ಸುಳ್ಳ ಎಂಬ ಊರಿನ ನೀಲಕಂಠಪ್ಪನಿಗೆ ನಗು ಮೊದಲು ಬರುವುದು ಹೆಗಲಿಗೆ. ಎಡಗಡೆಯದು ಒಮ್ಮೆ ಜಿಗಿಯುತ್ತದೆ. ಅದನ್ನು ನೋಡಿ ಬಲಗಡೆಯದೂ ಜಿಗಿಯುತ್ತದೆ. ಆಮೇಲೆ ಗಂಟಲೊಳಗೆ, ಬಡೇಸಾಬನ ಹಿಟ್ಟಿನ ಗಿರಣಿಯ ಪಟ್ಟಾ ಜಾರಿದಾಗ ಆಗುವಂಥ ಒಂದು ಸದ್ದು ಶುರುವಾಗಿ, ಅದು ಬಾಯಿಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಮಲಗಿದ ನಾಯಿ ಎದ್ದು ಬೇರೆ ಓಣಿಗೆ ಹೋಗಿರುತ್ತದೆ.

ಇಷ್ಟು ಬಿಟ್ಟರೆ ಅವನು ಕೆಟ್ಟ ಮನುಷ್ಯನಲ್ಲ. ಊರ ಬಡಗಲಿಗೆ ಎರೆಹೊಲ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಹೆಂಡತಿ ದಾಕ್ಷಾಯಿಣಿ, ಒಬ್ಬಳೇ ಮಗಳು ಸೌಮ್ಯಾ. ಯಾರ ಬದುವನ್ನೂ ಒತ್ತಿದವನಲ್ಲ, ಯಾರ ಬಾಯಿಗೂ ಹೋದವನಲ್ಲ. ನಗು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಹೊತ್ತು ತಿಳಿಯದು, ಜಾಗ ತಿಳಿಯದು. ಸೌಮ್ಯಾಳ ಎರಡು ಸಂಬಂಧಗಳು ಈ ನಗುವಿನಲ್ಲೇ ಕೊಚ್ಚಿಕೊಂಡು ಹೋಗಿದ್ದವು. ಮೊದಲನೆಯ ಸಲ ಗಂಡಿನ ಸೋದರಮಾವ ತಮ್ಮ ಸರಕಾರಿ ನೌಕರಿಯ ಪ್ರಾಮಾಣಿಕತೆಯನ್ನು ವರ್ಣಿಸುತ್ತಿರುವಾಗ ಅವರು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಜಾರಿ ಉಪ್ಪಿಟ್ಟಿನೊಳಗೆ ಬಿತ್ತು. ಎಲ್ಲರೂ ಮುಖ ತಿರುಗಿಸಿದರು. ನೀಲಕಂಠಪ್ಪ ತಿರುಗಿಸಲಿಲ್ಲ. ಎರಡನೆಯ ಸಲ ಗಂಡಿನ ತಂದೆ ಕುಳಿತ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಿತು. ನೀಲಕಂಠಪ್ಪ ಅವರನ್ನು ಎತ್ತಿದ್ದು ನಿಜ. ಆದರೆ ನಕ್ಕು ಮುಗಿಸಿ ಎತ್ತಿದ.

ಈಗ ಬಂದಿದ್ದು ಮೂರನೆಯದು. ಗಂಡಿನ ತಂದೆ ಕುಮಾರಸ್ವಾಮಿಯವರು ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರಸ್ಥರು, ವಿದ್ಯಾನಗರದಲ್ಲಿ ಸ್ವಂತ ಮನೆ. ಮಗ ಬಸವಕಿರಣ ಅಂಗಡಿ ನೋಡಿಕೊಳ್ಳುತ್ತಿದ್ದ. ಸೌಮ್ಯಾ ಅದೇ ವಿದ್ಯಾನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಬಸವಕಿರಣ ಜ್ವರವೆಂದು ಒಮ್ಮೆ ರಕ್ತ ಕೊಡಲು ಹೋಗಿದ್ದ. ಜ್ವರ ಬಿಟ್ಟ ಮೇಲೂ ನಾಲ್ಕಾರು ಸಲ ಹೋಗಿ ಕೊಟ್ಟು ಬಂದ ಎನ್ನುವುದು ಎರಡೂ ಮನೆಗಳ ಹೆಂಗಸರಿಗೆ ಗೊತ್ತಿತ್ತು. ಹುಡುಗ ಹುಡುಗಿಯ ಕಡೆಯಿಂದ ಎಲ್ಲ ಆಗಿತ್ತು. ಅಪ್ಪಂದಿರ ಕಡೆಯಿಂದ ಆಗಬೇಕಿತ್ತು.

ಹೀಗಿರುವಾಗ ಒಂದು ದಿನ ಕುಮಾರಸ್ವಾಮಿಯವರ ಫೋನು ಬಂತು.

"ನೀಲಕಂಠಪ್ಪನವ್ರ, ಶನಿವಾರ ಸಂಜಿಮುಂದ ಬಿಡುವ ಅದೀರೇನು? ಸ್ಟೇಡಿಯಂನ್ಯಾಗ ಖಡಕ್ ಕುಬೇರಪ್ಪ ಅನ್ನಾವನ ಕಾರ್ಯಕ್ರಮ ಐತಂತ. ನಮ್ಮ ವ್ಯಾಪಾರಸ್ಥರ ಸಂಘಕ್ಕ ಮುಂದಿನ ಸಾಲಿನ ಪಾಸ್ ಬಂದಾವು. ನನಗೇನ ಅಂಥಾದ್ರ ಹುಚ್ಚಿಲ್ಲ ಬಿಡ್ರಿ. ಆದ್ರ ನಾವಿಬ್ರೂ ಒಂದ ಕಡೆ ಕುಂತಂಗ ಆಗತೈತಿ."

"ಬರ್ತೇನ್ರಿ ಸಾವಕಾರ್ರ," ಎಂದು ನೀಲಕಂಠಪ್ಪ ಒಪ್ಪಿಕೊಂಡ ಮೇಲೆ ಹೆಂಡತಿಗೆ ಹೇಳಿದ. ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು.

"ಏನ ಕಾರ್ಯಕ್ರಮ?"

"ಒಬ್ಬಾಂವ ಮೈಕ್ ಹಿಡಕೊಂಡು ನಿಂತು ನಗಸ್ತಾನಂತ."

"ಯಾರನ್ನ?"

"ಬಂದವರನ್ನ."

"ನಿಮ್ಮನ್ನೂ?"

ತವೆಯ ಮೇಲಿನ ರೊಟ್ಟಿ ಕಪ್ಪಾಯಿತು.

"ಬಣವಿ ಮಗ್ಗಲಕ ಕುಂತು ಬೀಡಿ ಸೇದಾಕ ಹೊಂಟೀರಿ ನೀವು," ಎಂದಳು ದಾಕ್ಷಾಯಿಣಿ. "ಸುಮ್ಮನ ಕುಂತಲ್ಲೇ ನಗು ತಡಿಯಂಗಿಲ್ಲ ನಿಮಗ. ಅಲ್ಲಿ ನಗಸಾಕಂತನ ಒಬ್ಬಾಂವನ್ನ ನಿಂದ್ರಿಸ್ಯಾರ!"

ಆಸ್ಪತ್ರೆಯಿಂದ ಬಂದ ಸೌಮ್ಯಾ ಎಲ್ಲ ಕೇಳಿದಳು. ಅವಳು ಮಾತು ಕಡಿಮೆ ಆಡುವವಳು. "ಅಪ್ಪಾ, ಎರಡ ಸಲ ನಕ್ಕು ಕೆಡಿಸಿದಿ. ಈ ಸಲಾನೂ ಕೆಟ್ರ ನಾ ಇನ್ನೊಬ್ಬರ ಮುಂದ ಉಪ್ಪಿಟ್ಟಿನ ತಾಟ ಹಿಡಕೊಂಡು ಬರಾಕಿ ಅಲ್ಲ. ಈಗ ಹೇಳೇನಿ," ಎಂದಳು. ಸೂಜಿ ಚುಚ್ಚುವುದು ಅವಳ ದಿನದ ಕೆಲಸ. ಆದರೂ ಈ ಸಲದ್ದು ಜೋರಾಗಿ ತಾಗಿತು.

ಶನಿವಾರ ಮಧ್ಯಾಹ್ನ ದಾಕ್ಷಾಯಿಣಿ ಗಂಡನ ಚಂಚಿಯನ್ನು ತೆಗೆದಳು. ಅದು ಅವನ ಅಪ್ಪನ ಕಾಲದ ಬಟ್ಟೆಯ ಚೀಲ. ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಸುಣ್ಣದ ಡಬ್ಬಿಗೊಂದು ಅರೆ. ಯಾವತ್ತೂ ನಾಲ್ಕೈದು ಎಲೆ ಇರುವ ಚಂಚಿಗೆ ಆಕೆ ಅಂದು ಸಂತೆಯಿಂದ ತಂದ ಕಟ್ಟನ್ನೇ ತುರುಕಿದಳು. "ಸಾವಕಾರ್ರ ಕೈಯಾಗ ಮೊದಲ ಎಲಿ ಅಡಿಕಿ ಇಡ್ರಿ. ಉಳದಿದ್ದು ನಿಮಗ. ನಗು ಬರಾಕತ್ತಿತು ಅನ್ನಾಗ ಒಂದೊಂದ ಬಾಯಾಗ ಇಟಗೋರಿ. ಬಾಯಿ ತುಂಬಿದ್ರ ನಗು ಎಲ್ಲಿಂದ ಹೊರಗ ಬೀಳತೈತಿ?"

ನಮ್ಮ ಕಡೆ ಹೆಣ್ಣಿನವನು ಗಂಡಿನವನ ಕೈಯಲ್ಲಿ ಎಲೆ ಅಡಿಕೆ ಇಟ್ಟರೆ ಅರ್ಧ ಮಾತು ಆದಂತೆ. ಸ್ಟೇಡಿಯಂ ಮುಂದೆ ಕಾರಿನಿಂದ ಇಳಿದ ಕುಮಾರಸ್ವಾಮಿಯವರ ಕೈಯಲ್ಲಿ ನೀಲಕಂಠಪ್ಪ ಐದು ಎಲೆ, ಒಂದು ಇಡಿ ಬೆಟ್ಟಡಿಕೆ ಇಟ್ಟು, ಮೇಲೆ ತನ್ನ ಎರಡೂ ಕೈ ಮುಚ್ಚಿದ. ಕುಮಾರಸ್ವಾಮಿಯವರು ಕಣ್ಣಿಗೆ ಒತ್ತಿಕೊಂಡರು. ಬಿಳಿ ಧೋತರ, ಬಿಳಿ ಅಂಗಿ, ಹೆಗಲಿಗೆ ಮಡಿಚಿದ ಟವೆಲ್ಲು. ಗುಡಿಯ ಟ್ರಸ್ಟಿಯ ಹಾಗೆ ಕಾಣುತ್ತಿದ್ದರು. ಇಂಥವರ ಪಕ್ಕದಲ್ಲಿ ನಕ್ಕರೆ ಹೇಗೆ ಎಂದು ನೀಲಕಂಠಪ್ಪನಿಗೆ ಆಗಲೇ ಬೆವರು ಬಂತು.

ಎಲ್ಲ ಸರಿಯಾಗಿತ್ತು. ಕೆಟ್ಟಿದ್ದು ಗೇಟಿನಲ್ಲಿ.

"ಎಲಿ, ಅಡಿಕಿ, ಗುಟ್ಕಾ, ತಂಬಾಕ ಯಾವುದೂ ಒಳಗ ಬಿಡಂಗಿಲ್ರಿ," ಎಂದ ಮೀಸೆಯ ಕಾವಲುಗಾರ, ಚಂಚಿಯನ್ನು ಮುಟ್ಟಿ ನೋಡಿ. "ಆ ಡ್ರಮ್ಮಿನ್ಯಾಗ ಒಗದು ಬರ್ರಿ."

ಇಬ್ಬರೂ ಡ್ರಮ್ಮಿನ ಕಡೆ ನೋಡಿದರು. ಅದರೊಳಗೆ ಬಾಳೆಹಣ್ಣಿನ ಸಿಪ್ಪೆ, ಗುಟ್ಕಾ ಪಾಕೀಟು, ಯಾರದೋ ಹರಿದ ಚಪ್ಪಲಿ.

"ಇದನ್ನ ಒಗಿಯೂದು ಹೆಂಗ್ರಿ?" ಎಂದರು ಕುಮಾರಸ್ವಾಮಿಯವರು, ಅಂಗೈಯ ಎಲೆಗಳನ್ನು ಎದೆಗೆ ಹಿಡಿದು. "ಸಂಬಂಧದ ಮಾತಿಗಂತ ಕೈಯಾಗ ಇಟ್ಟಿದ್ದು ಇದು."

"ಸಂಬಂಧ ಒಳಗ ಹೋಗಬಹುದ್ರಿ. ಎಲಿ ಹೋಗಂಗಿಲ್ಲ," ಎಂದ ಕಾವಲುಗಾರ. ಹಿಂದೆ ಸಾಲು ಬೆಳೆಯುತ್ತಿತ್ತು.

"ಬಾಯಾಗ ಇದ್ರ?" ಎಂದು ಕೇಳಿದ ನೀಲಕಂಠಪ್ಪ.

ಕಾವಲುಗಾರ ಯೋಚಿಸಿದ. ಬಾಯಿಯ ಬಗ್ಗೆ ಅವನಿಗೆ ಯಾರೂ ಏನೂ ಹೇಳಿರಲಿಲ್ಲ. "ಬಾಯಿ ನಿಮ್ದು," ಎಂದ.

ಹೀಗೆ ಹುಬ್ಬಳ್ಳಿಯ ಆ ಗೇಟಿನ ಮುಂದೆ, ಹಿಂದಿನವರ ಬೈಗುಳದ ನಡುವೆ, ಮರ್ಯಾದಸ್ಥರಾದ ಇಬ್ಬರು ಗೃಹಸ್ಥರು ನಿಂತು ಒಂದು ಕಟ್ಟು ಎಲೆ ತಿಂದರು. ನೀಲಕಂಠಪ್ಪ ಸುಣ್ಣ ಹಚ್ಚುವುದು, ಕುಮಾರಸ್ವಾಮಿಯವರು ಮಡಚುವುದು, ನೀವು ತೊಗೋರಿ, ಇಲ್ಲ ಮೊದಲ ನೀವು ತೊಗೋರಿ ಎಂದು ಒಬ್ಬರ ಕೈಗೊಬ್ಬರು ಇಡುವುದು. ಒಂದು ಎಲೆಯೂ ಡ್ರಮ್ಮಿಗೆ ಬೀಳಲಿಲ್ಲ. ಕೊನೆಗೆ ಕುಮಾರಸ್ವಾಮಿಯವರು ಕಿಸೆಯಿಂದ ಒಂದು ಸಣ್ಣ ಬೆಳ್ಳಿಯ ಡಬ್ಬಿ ತೆಗೆದು, ತುಂಬಿದ ಬಾಯಿಯಲ್ಲೇ, "ನಮ್ಮ ಕಡಿಂದೂ ಒಂದೀಟ ಆಗಲ್ರಿ," ಎಂದರು. ಡಬ್ಬಿಯಲ್ಲಿ ತಂಬಾಕು. ನೀಲಕಂಠಪ್ಪ ಜನ್ಮದಲ್ಲಿ ತಂಬಾಕು ಮುಟ್ಟಿದವನಲ್ಲ. ಆದರೆ ತಾನು ಕೊಟ್ಟ ಎಲೆಯನ್ನು ಅವರು ಹೀಗೆ ಎಮ್ಮೆ ಮೇವು ತಿಂದ ಹಾಗೆ ತಿಂದ ಮೇಲೆ ಬೇಡ ಎನ್ನುವುದು ಹೇಗೆ? ಒಂದು ಚಿಟಿಕೆ ತೆಗೆದುಕೊಂಡ. ಉಳಿದ ಒಂದು ಚಿಟಿಕೆಯನ್ನು ಅವರು ಹಾಕಿಕೊಂಡು ಡಬ್ಬಿ ಖಾಲಿ ಮಾಡಿದರು. ಕಾವಲುಗಾರ ಇಬ್ಬರಿಗೂ ಕೈ ಮುಗಿದು ಒಳಗೆ ಬಿಟ್ಟ.

ಮುಂದಿನ ಸಾಲಿನ ನಟ್ಟನಡುವೆ ಅವರ ಕುರ್ಚಿ. ಎದುರಿಗೆ ಬೆಳಕಿನ ವೇದಿಕೆ. ಉದ್ದ ಕತ್ತಿನ ಕೊಕ್ಕರೆಯಂಥ ಒಂದು ಕ್ಯಾಮೆರಾ ಜನರ ತಲೆಗಳ ಮೇಲೆ ಬಗ್ಗಿ ಬಗ್ಗಿ ಮುಖ ಹೆಕ್ಕುತ್ತಿತ್ತು. ಕಾರ್ಯಕ್ರಮದ ಶೂಟಿಂಗ್ ಇರುವುದರಿಂದ ಮುಂದಿನ ಸಾಲಿನವರು ದಯವಿಟ್ಟು ಏಳಬಾರದು, ನೆಲದ ಮೇಲೆ ಯಾರೂ ಉಗುಳಬಾರದು ಎಂದು ಧ್ವನಿವರ್ಧಕ ಹೇಳಿತು. ನೀಲಕಂಠಪ್ಪ ಓರೆಗಣ್ಣಿನಿಂದ ಕುಮಾರಸ್ವಾಮಿಯವರನ್ನು ನೋಡಿದ. ಅವರು ಬಾಯಿ ಬಿಗಿದು ನೆಟ್ಟಗೆ ಕುಳಿತಿದ್ದರು. ಅವರೇ ಉಗುಳದಿದ್ದಾಗ, ಸಂಬಂಧದ ಎಲೆಯನ್ನು ತಾನು ಉಗುಳುವುದೆಂತು? ಅವನೂ ನೆಟ್ಟಗೆ ಕುಳಿತ.

ಖಡಕ್ ಕುಬೇರಪ್ಪ ಬಂದ. ತೆಳ್ಳಗಿನ ಮನುಷ್ಯ, ಗುಂಗುರು ಕೂದಲು. ಹುಬ್ಬಳ್ಳಿಯ ಓಣಿಯಲ್ಲೇ ಬೆಳೆದವನು. ತನ್ನ ಸೋದರಮಾವ ಮೊದಲ ಸಲ ಮಾಲ್ ನೋಡಲು ಹೋದ ಕತೆ ಹಚ್ಚಿದ. "ನಮ್ಮ ಮಾವ ಆ ಓಡೂ ಪಾವಟಿಗಿ, ಎಸ್ಕಲೇಟರ್ ನೋಡಿದ. ಚಪ್ಪಲ್ ಬಿಟ್ಟ, ಕೈಯಾಗ ಹಿಡಕೊಂಡ, ಶಿವಾ ಅಂತ ಹತ್ತಿದ. ಮ್ಯಾಲ ಹೋದಕೂಡ್ಲೆ ಅಂಗಡಿ ಮುಂದ ಸೀರಿ ಉಡಿಸಿದ ಬೊಂಬಿ ನಿಂತಿತ್ತು. ಶರಣ್ರೀ ಅವ್ವಾರ ಅಂದ. ಆರಾಮದೀರಿ? ಅಂದ. ಮಕ್ಕಳೆಲ್ಲ ಛಲೋ ಅದಾರ? ಅಂದ. ಬೊಂಬಿ ಮಾತಾಡಲಿಲ್ಲ. ನನ್ನ ಕಡೆ ಹೊಳ್ಳಿ ಏನಂದ ಗೊತ್ತೇನ್ರಿ? 'ತಮ್ಮಾ, ಸಿಟ್ಯಾಗಿನ ಮಂದಿಗೆ ಭಾಳ ಸೊಕ್ಕೋ!'"

ಸ್ಟೇಡಿಯಂ ಒಮ್ಮೆಲೇ ಬಿದ್ದು ಎದ್ದಿತು. ನೀಲಕಂಠಪ್ಪನ ಎಡ ಹೆಗಲು ಜಿಗಿಯಿತು. ಅದರೊಡನೆಯೇ ತಂಬಾಕಿನ ಒಂದು ಗುಟುಕು ಗಂಟಲಿಗಿಳಿಯಿತು. ಆಕಾಶ ತಿರುಗಿತು. ಜಗತ್ತಿನಲ್ಲಿ ಎಷ್ಟೋ ಋಷಿಗಳು ನಗುವನ್ನು ಗೆಲ್ಲಲು ಕಾಡಿಗೆ ಹೋಗಿದ್ದಾರೆ. ಒಂದು ಚಿಟಿಕೆ ತಂಬಾಕು ಸಾಕಾಗುತ್ತಿತ್ತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು, ಕೆನ್ನೆ ಕುಂಬಳಕಾಯಿಯಂತೆ ಉಬ್ಬಿತು, ಮುಖ ಮಾತ್ರ ಕಲ್ಲು.

ಕೊಕ್ಕರೆ ಕ್ಯಾಮೆರಾ ಅಲ್ಲಿಗೆ ಬಗ್ಗಿತು. ವೇದಿಕೆಯ ಎರಡೂ ಬದಿಯ ದೊಡ್ಡ ಪರದೆಯ ಮೇಲೆ ಇಬ್ಬರ ಮುಖ ಬಂತು. ಕುಬೇರಪ್ಪ ನೋಡಿದ, ಬೆಚ್ಚಿದ.

"ಏ, ಆ ಬೊಂಬಿ ಇಲ್ಲೇ ಬಂದು ಕುಂತೈತಲ್ರೋ! ಒಂದಲ್ಲ, ಜೋಡಿ!"

ಜನ ಕುರ್ಚಿಯಿಂದ ಉರುಳಿದರು. ಆದರೆ ಇಷ್ಟೆಲ್ಲ ಜನ ನಕ್ಕರೂ ಎದುರಿಗೇ ಇಬ್ಬರು ನಗದಿದ್ದರೆ ನಗಿಸುವವನಿಗೆ ಸಮಾಧಾನವಿಲ್ಲ. ಕುಬೇರಪ್ಪ ಮುಂದೆ ಹೇಳಬೇಕಾದ ಕತೆ ಬಿಟ್ಟು ಇವರ ಬೆನ್ನು ಹತ್ತಿದ. ಎಮ್ಮೆಯ ಹಾಗೆ ನಡೆದ, ಕೋಳಿಯ ಹಾಗೆ ಕೂಗಿದ, ತನ್ನ ಹೆಂಡತಿಯ ಹಾಗೆ ತನಗೇ ಬೈದುಕೊಂಡ. ಕೊನೆಗೆ ಕೆಳಗಿಳಿದು ಬಂದು ಮೈಕು ಮುಂದೆ ಹಿಡಿದ. "ಕಾಕಾ, ಹೆಸರರ ಹೇಳ್ರಿ."

ನೀಲಕಂಠಪ್ಪ ಅಂಗೈ ಎತ್ತಿ, ಬೇಡ, ಎಂದು ಸನ್ನೆ ಮಾಡಿದ. ಪರದೆಯ ಮೇಲೆ ಅದು ಆಶೀರ್ವಾದದ ಹಾಗೆ ಕಂಡಿತು. ಕುಮಾರಸ್ವಾಮಿಯವರ ಕಡೆ ಮೈಕು ತಿರುಗಿತು. ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು. ಕುಬೇರಪ್ಪ, "ಅಪ್ಪಾರ, ತಪ್ಪಾತ್ರಿ," ಎಂದು ಇಬ್ಬರ ಕಾಲಿಗೂ ಉದ್ದಕ್ಕೆ ಬಿದ್ದ. ಸ್ಟೇಡಿಯಂ ಎದ್ದು ನಿಂತು ಶಿಳ್ಳೆ ಹೊಡೆಯಿತು.

ಕಾರ್ಯಕ್ರಮ ಮುಗಿದದ್ದೇ ಇಬ್ಬರೂ ಸನ್ನೆಯಲ್ಲೇ ಅಪ್ಪಣೆ ಪಡೆದು, ಒಬ್ಬರು ಈ ಕಡೆಯ ಗೋಡೆಗೆ, ಒಬ್ಬರು ಆ ಕಡೆಯ ಗೋಡೆಗೆ ಅವಸರದಿಂದ ಹೋದರು. ತಿರುಗಿ ಬಂದಾಗ ಇಬ್ಬರ ಮುಖವೂ ಸುಣ್ಣದ ಬಣ್ಣ.

"ಛಲೋ ಆತ್ರಿ," ಎಂದರು ಕುಮಾರಸ್ವಾಮಿಯವರು.

"ಹೌದ್ರಿ," ಎಂದ ನೀಲಕಂಠಪ್ಪ.

ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದವನು, "ನಕ್ರೇನು?" ಎಂದು ದಾಕ್ಷಾಯಿಣಿ ಕೇಳಿದ್ದಕ್ಕೆ, "ಇಲ್ಲ," ಎಂದಷ್ಟೇ ಹೇಳಿದ. ಆಕೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಹಚ್ಚಿದ್ದು ಸ್ವಲ್ಪ ಬೇಗಾಯಿತು.

ಕಡಲೆ ಹೂವಾಗುವ ಹೊತ್ತಿಗೆ ಕುಬೇರಪ್ಪನ ಕಾರ್ಯಕ್ರಮ ಫೋನುಗಳಿಗೆ ಬಂತು. ಸುಳ್ಳದಲ್ಲಿ ಅದನ್ನು ಮೊದಲು ನೋಡಿದವನು ಗಿರಣಿಯ ಬಡೇಸಾಬ. ಜೋಳ ಬೀಸಲು ಬಂದವರೆಲ್ಲ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ನೋಡಿದರು.

"ಇಂವಾ ನಮ್ಮ ನೀಲಕಂಠಪ್ಪ ಅಲ್ಲ ಬಿಡ್ರೋ," ಎಂದ ಬಡೇಸಾಬ. "ನನ್ನ ಮಷಿನ್ನಿನ ಪಟ್ಟಾ ಹರದಾಗ ಸತೇಕ ನಕ್ಕಾಂವ ಅಂವ. ಕೈಗೆ ಪೆಟ್ಟಾತು ಅಂತ ನಾ ಅಳಾಕತ್ತೇನಿ, ಅಂವಾ ನಗಾಕತ್ತಾನ!"

"ಅಂವನ ಇಂವ," ಎಂದ ಫಕೀರಪ್ಪ. ಪಕ್ಕದ ಹೊಲದವನು, ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸದವನು. ಯಾವುದಕ್ಕೂ ಒಳಾರ್ಥ ಹುಡುಕದೆ ಬಿಡುವವನಲ್ಲ. "ಯಾಕ ನಗಲಿಲ್ಲ ಹೇಳು? ಹಳ್ಳ್ಯಾಗಿನ ಮಾವಗ ಮಾಲ್ ತಿಳಿಯಂಗಿಲ್ಲ ಅಂತ ಅಂವ ಆಡಕೊಂಡ. ಅಷ್ಟ ಮಂದಿ ರೈತರ ಮಕ್ಕಳು ಅದಕ್ಕ ಹಲ್ಲ ಕಿಸದ್ರು. ಇಂವ ಒಬ್ಬಾಂವ ಕಣ್ಣೀರ ಹಾಕಿದ. ನೋಡು, ಕಣ್ಣೀರ ನೋಡು! ರೈತರ ಮಾನ ಉಳಿಸ್ಯಾನ!"

ಫೋನನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದರು. ಕಣ್ಣೀರು ಇತ್ತು. ಕಣ್ಣೀರಿಗೆ ಸಾಕ್ಷಿ ಕೇಳುವಂತಿಲ್ಲ.

ಮುದಕವ್ವ ಮಾತ್ರ ಒಪ್ಪಲಿಲ್ಲ. ಅವಳು ಓಣಿಗೆಲ್ಲ ಹಿರಿಯಳು. "ಮಾನೂ ಇಲ್ಲ, ಗೀನೂ ಇಲ್ಲ. ನೀಲಕಂಠ ನಗಲಿಲ್ಲ ಅಂದ್ರ ಅದು ದೃಷ್ಟಿ," ಎಂದು ಉಪ್ಪು, ಒಣಮೆಣಸಿನಕಾಯಿ ತಂದು ಅವನನ್ನು ಪಡಸಾಲೆಯಲ್ಲಿ ಕೂರಿಸಿ ಇಳಿ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ಮತ್ತೆ ಕಣ್ಣೀರು ಬಂತು. ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ, "ನೋಡ್ರಿ, ಇನ್ನೂ ಮರ್ತಿಲ್ಲ," ಎಂದ.

ಅಲ್ಲಿಂದ ನೀಲಕಂಠಪ್ಪನ ಗಾಂಭೀರ್ಯ ಅವನನ್ನು ಕೇಳದೆಯೇ ಬೆಳೆಯತೊಡಗಿತು. ಬದುವಿನ ಜಗಳ ಹಚ್ಚಿಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ನ್ಯಾಯಕ್ಕೆಂದು ಅವನ ಕಟ್ಟೆಗೆ ಬಂದರು. ಅಣ್ಣ ಮಾತಾಡುವಾಗ ಅವನ ರುಮಾಲು ಬಿಚ್ಚಿ ಬಿಚ್ಚಿ ತಮ್ಮನ ಮುಖದ ಮೇಲೆ ಬೀಳುತ್ತಿತ್ತು. ನೀಲಕಂಠಪ್ಪ ನಗು ತಡೆಯಲು ನಾಲಿಗೆ ಕಚ್ಚಿಕೊಂಡು ಮೇಲಿನ ಸೂರು ನೋಡುತ್ತ ಕುಳಿತ. ಅವನ ಮೌನ ನೋಡಿ ಮೊದಲು ತಮ್ಮನಿಗೆ ಹೆದರಿಕೆಯಾಯಿತು. "ಒಂದು ಗೇಣು ನಂದ ತಪ್ಪೈತ್ರಿ," ಎಂದ. ಅಣ್ಣ, "ಎರಡ ಗೇಣು ನಂದೈತ್ರಿ," ಎಂದ. ನ್ಯಾಯ ಮುಗಿಯಿತು. ನೀಲಕಂಠಪ್ಪ ಬಾಯಿಯನ್ನೇ ಬಿಚ್ಚಿರಲಿಲ್ಲ.

ಹುಬ್ಬಳ್ಳಿಯಿಂದ ಸದಭಿರುಚಿ ಸಂರಕ್ಷಣಾ ವೇದಿಕೆ ಎಂಬ ಹೆಸರಿನ ನಾಲ್ಕು ಜನ ಕಾರಿನಲ್ಲಿ ಬಂದು, ಪಂಚಾಯತಿಯ ಮುಂದೆ ಶಾಲು ಹೊದಿಸಿದರು. ಅಗ್ಗದ ಹಾಸ್ಯದ ಮಹಾಪೂರದಲ್ಲಿ ಅಲುಗಾಡದೆ ನಿಂತ ಬಂಡೆ ಎಂದು ಅವರ ಅಧ್ಯಕ್ಷರು ಭಾಷಣ ಮಾಡುವಾಗ ಫಕೀರಪ್ಪನ ಕುರಿಮರಿ ಶಾಲಿನ ಅಂಚನ್ನು ಮೇಯತೊಡಗಿತು. ಬಂಡೆಯ ಎಡ ಹೆಗಲು ಜಿಗಿಯಿತು. ಹಿಂದೆ ನಿಂತಿದ್ದ ದಾಕ್ಷಾಯಿಣಿ ಚಿವುಟಿದಳು. ಫೋಟೋದಲ್ಲಿ ಅವನ ಮುಖ ಇನ್ನೂ ಗಂಭೀರವಾಗಿ ಬಂತು.

ಇದೇ ಹೊತ್ತಿಗೆ ಒಂದು ಸಂಜೆ ಸೌಮ್ಯಾ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಕಿರಣ ಅವರ ಅವ್ವ ಹಿಂದ ಮುಂದ ನೋಡಾಕತ್ತಾರಂತ."

"ಯಾಕ? ನಿಮ್ಮಪ್ಪ ನಕ್ಕಿಲ್ಲಲ್ಲ!" ಎಂದಳು ದಾಕ್ಷಾಯಿಣಿ.

"ಅದಕ್ಕ. ಆ ವಿಡಿಯೋ ಹಗಲೆಲ್ಲಾ ನೋಡ್ಯಾರಂತ. 'ಇಡೀ ಹುಬ್ಬಳ್ಳಿ ಹೊಟ್ಟಿ ಹಿಡಕೊಂಡು ನಕ್ಕಾಗ ಹುಡುಗಿ ಅಪ್ಪನ ತುಟಿ ಸತೇಕ ಅಳ್ಳಾಡಲಿಲ್ಲ. ಅಂಥಾ ಮನ್ಯಾಗ ಬೆಳದ ಹುಡುಗಿ ನಮ್ಮ ಮನ್ಯಾಗ ನಕ್ಕಾಳೇನು? ಹಬ್ಬಾ ಹುಣ್ಣಿವಿ ಹೆಂಗ ಮಾಡೂದು?' ಅಂದ್ರಂತ."

ದಾಕ್ಷಾಯಿಣಿ ತಲೆಯ ಮೇಲೆ ಕೈಯಿಟ್ಟಳು. ನೀಲಕಂಠಪ್ಪ ಮೆಲ್ಲನೆ, "ಆದ್ರ ಸಾವಕಾರ್ರೂ ನಗಲಿಲ್ಲಲ್ಲ. ನನಗೂ ಅದ ಚಿಂತಿ ಐತಿ. ಇಂಥಾ ಬಿಗಿ ಮನಷ್ಯಾನ ಮನ್ಯಾಗ ನಮ್ಮ ಹುಡುಗಿ ಹೆಂಗ ಬಾಳ್ವಿ ಮಾಡತೈತಿ?" ಎಂದ.

"ಅಪ್ಪಾ," ಎಂದಳು ಸೌಮ್ಯಾ. ದನಿ ಗಟ್ಟಿಯಿತ್ತು, ಕಣ್ಣು ತುಂಬಿತ್ತು. "ಎರಡ ಸಲ ನಕ್ಕು ಕೆಡಿಸಿದಿ. ಈಗ ನಗಲಾರದನೂ ಕೆಡಸಾಕತ್ತೀದಿ. ನನ್ನ ಸಂಬಂಧ ಮುರೀಬೇಕಂದ್ರ ಇನ್ನೊಂದ ಹಾದಿ ಐತೇನು ಉಳದಿದ್ದು?"

ನೀಲಕಂಠಪ್ಪ ಶಾಲು ಮಡಚಿ ಪೆಟ್ಟಿಗೆಯಲ್ಲಿಟ್ಟ. ಬರುವ ಐತವಾರ ವಿದ್ಯಾನಗರಕ್ಕೆ ಮಾತುಕತೆಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಅದು ಕೊನೆಯ ಮಾತುಕತೆಯೂ ಆಗಬಹುದಿತ್ತು.

"ಈ ಸಲ ನಗ್ರಿ," ಎಂದು ಅಪ್ಪಣೆ ಮಾಡಿದಳು ದಾಕ್ಷಾಯಿಣಿ. "ಆದ್ರ ಸಣ್ಣಗ. ಗಿರಣಿ ಹಚ್ಚಬ್ಯಾಡ್ರಿ. ದೊಡ್ಡ ಮನಷ್ಯಾರು ನಗತಾರಲ್ಲ, ಹಂಗ."

ಅವನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ದೊಡ್ಡ ಮನುಷ್ಯರ ನಗುವನ್ನು ಅಭ್ಯಾಸ ಮಾಡಿದ. ಎಮ್ಮೆ ಅವತ್ತು ಹಾಲು ಕೊಡಲಿಲ್ಲ. ಬೇಕೆಂದಾಗ ನಗುವುದನ್ನು ಅವನು ಕಲಿತೇ ಇರಲಿಲ್ಲ. ಇಷ್ಟು ವರ್ಷ ಅವನಿಗೆ ಅದರ ಗರಜು ಬಿದ್ದಿರಲಿಲ್ಲ.

ಐತವಾರ ಕುಮಾರಸ್ವಾಮಿಯವರ ಪಡಸಾಲೆಯಲ್ಲಿ ಇಬ್ಬರನ್ನೂ ಎದುರು ಬದುರು ಕೂರಿಸಿದರು. ಕುಮಾರಸ್ವಾಮಿಯವರ ಹೆಂಡತಿ ರತ್ನವ್ವ ಗಂಡನ ಹಿಂದೆ ನಿಂತರು, ದಾಕ್ಷಾಯಿಣಿ ಗಂಡನ ಹಿಂದೆ ನಿಂತಳು. ಒಳಬಾಗಿಲ ಹತ್ತಿರ ಸೌಮ್ಯಾ. ಕಿಟಕಿಯ ಹತ್ತಿರ ಬಸವಕಿರಣ. ಅವನು ಈ ಗಳಿಗೆ ದಾಖಲಾಗಿ ಇರಲೆಂದು ಫೋನು ಎತ್ತಿ ಹಿಡಿದವನು, ಗಳಿಗೆಯ ಲಕ್ಷಣ ನೋಡಿ ಕೈ ಕೆಳಗಿಳಿಸಿದ.

"ಮಳಿ ಆದೀತೇನ್ರಿ?" ಎಂದರು ಕುಮಾರಸ್ವಾಮಿಯವರು.

"ಈಗೇನ ಆಗಂಗಿಲ್ರಿ," ಎಂದ ನೀಲಕಂಠಪ್ಪ.

ದಾಕ್ಷಾಯಿಣಿ ಹಿಂದಿನಿಂದ ಬೆರಳು ಚುಚ್ಚಿದಳು. ನೀಲಕಂಠಪ್ಪ ತುಟಿ ಅಗಲಿಸಿ, ಹಲ್ಲು ತೋರಿಸಿ, ಹಾಗೆಯೇ ಹಿಡಿದುಕೊಂಡ.

"ಹಲ್ಲ ನೋವೇನ್ರಿ?" ಎಂದು ಕೇಳಿದರು ಕುಮಾರಸ್ವಾಮಿಯವರು ಗಾಬರಿಯಿಂದ. ಅವರ ಹಿಂದೆಯೂ ಒಂದು ಬೆರಳು ಆಡಿರಬೇಕು. ಅವರು ಸಟ್ಟನೆ ನೆಟ್ಟಗಾಗಿ, "ಹ್ಹ. ಹ್ಹ," ಎಂದರು.

"ನೀರ ಕುಡೀರಿ ಸಾವಕಾರ್ರ, ಕೆಮ್ಮು ಹತ್ತೇತಿ," ಎಂದ ನೀಲಕಂಠಪ್ಪ.

ರತ್ನವ್ವ ಮಗನ ಕಡೆ ನೋಡಿ, ನಾನು ಹೇಳಿದ್ದೆನಲ್ಲ, ಎಂಬಂತೆ ತಲೆಯಾಡಿಸಿದರು. ಸೌಮ್ಯಾ ಒಳಗೆ ಹೋಗಲು ತಿರುಗಿದಳು. ಬಸವಕಿರಣನಿಗೆ ಏನೂ ತೋಚದೆ, "ಅವ್ವಾ, ಎಲಿ ಅಡಿಕಿ ಇಡು. ಇಬ್ರಿಗೂ ಭಾಳ ಪ್ರೀತಿ. ಅವತ್ತ ಅಪ್ಪನ್ನ ಬಿಡಾಕ ಬಂದಾಗ ನಾ ಕಾರಿನ್ಯಾಗಿಂದ ನೋಡೇನಿ, ಗೇಟಿನ್ಯಾಗ ನಿಂತು, ಚಂಚಿ ಖಾಲಿ ಆಗೂತನಕ ತಿಂದ್ರು," ಎಂದ.

ರತ್ನವ್ವ ತಾಟು ತಂದಿಟ್ಟರು. ಎಲೆ, ಅಡಿಕೆ, ಸುಣ್ಣ. ಅಂಚಿಗೆ ಬೆಳ್ಳಿಯ ಡಬ್ಬಿ.

ಡಬ್ಬಿ ಕಂಡದ್ದೇ ನೀಲಕಂಠಪ್ಪ ಕುಳಿತಲ್ಲೇ ಹಿಂದೆ ಸರಿದ. ಕುಮಾರಸ್ವಾಮಿಯವರು ತಾಟಿಗೆ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಇಬ್ಬರೂ ಒಟ್ಟಿಗೇ ಕೂಗಿದರು.

"ತಂಬಾಕ ಬ್ಯಾಡ್ರಿ!"

ಒಬ್ಬರನ್ನೊಬ್ಬರು ನೋಡಿದರು.

"ನೀವು ತಂಬಾಕ ಹಾಕಂಗಿಲ್ರಿ?" ಎಂದು ಕೇಳಿದರು ಕುಮಾರಸ್ವಾಮಿಯವರು.

"ಹುಟ್ಟಿದಾಗಿಂದ ಮುಟ್ಟಿಲ್ರಿ."

"ಮತ್ತ ಅವತ್ತ?"

"ನೀವು ಕೊಟ್ರಿ. ಬ್ಯಾಡ ಅನ್ನೂದು ಹೆಂಗ್ರಿ? ನಿಮಗ ರೂಢಿ ಐತಲ್ಲ."

"ನನಗೆಲ್ಲಿ ರೂಢಿ! ಅಂಗಡಿಗೆ ಬರೂ ರೈತರಿಗಂತ ಇಟ್ಟಿದ್ದ ಡಬ್ಬಿ ಅದು. ನೀವು ಹೊಲಾ ಮಾಡಾವ್ರು, ಹಾಕತೀರಿ, ಕೊಡಲಿಲ್ಲ ಅಂದ್ರ ಏನ ತಿಳಕೊಂತೀರಿ ಅಂತ ಕೊಟ್ಟೆ. ಕೊಟ್ಟು ನಾ ಹಾಕಲಿಲ್ಲ ಅಂದ್ರ ಮತ್ತೇನ ತಿಳಕೊಂತೀರಿ ಅಂತ ನಾನೂ ಹಾಕಿದೆ. ಆ ಬೊಂಬಿ ಕತಿ ಬಂದಾಗ ನನ್ನ ಕಣ್ಣಿಗೆ ಎರಡೆರಡ ಕುಬೇರಪ್ಪ ಕಂಡ್ರು!"

"ನನಗ ಮೂರ ಮಂದಿ ಕಂಡ್ರು," ಎಂದ ನೀಲಕಂಠಪ್ಪ.

ಎಡ ಹೆಗಲು ಜಿಗಿಯಿತು. ದಾಕ್ಷಾಯಿಣಿ ಕೈ ಎತ್ತಿದವಳು, ಚಿವುಟಬೇಕೋ ಬಿಡಬೇಕೋ ತಿಳಿಯದೆ ಹಾಗೇ ನಿಂತಳು. ಬಲ ಹೆಗಲೂ ಜಿಗಿಯಿತು. ಆಮೇಲೆ ವಿದ್ಯಾನಗರದ ಆ ಸಭ್ಯ ಓಣಿಯಲ್ಲಿ ಬಡೇಸಾಬನ ಗಿರಣಿ ಹತ್ತಿತು. ಅದಕ್ಕೆ ಎದುರಾಗಿ ಇನ್ನೊಂದು ಸದ್ದು. ಹಳೆಯ ಮೋಟಾರು ಸೈಕಲ್ಲಿಗೆ ಕಿಕ್ ಹೊಡೆದಂತೆ ಎರಡು ಸಲ ಗುರುಗುಟ್ಟಿ ಮೂರನೆಯ ಸಲ ಹೊತ್ತಿಕೊಳ್ಳುವ ಸದ್ದು. ಅದು ಕುಮಾರಸ್ವಾಮಿಯವರದು. ಮನೆಯಲ್ಲಿ ರತ್ನವ್ವ ದಿನಾ ಕೇಳುತ್ತಿದ್ದ, ಹೆಣ್ಣಿನ ತಂದೆ ಗಂಭೀರ ಮನುಷ್ಯ, ಅವರ ಮುಂದೆ ಹಚ್ಚಬೇಡಿ ಎಂದು ಆಕೆಯೇ ತಾಕೀತು ಮಾಡಿದ್ದ ಸದ್ದು.

"ಉಗುಳಾಕ... ಎಲ್ಲಿ ಹೋಗಿದ್ರಿ?"

"ಗ್ವಾಡಿ... ಹಿಂದ. ನೀವು?"

"ಆ ಕಡೆ... ಗ್ವಾಡಿ..."

ಇಬ್ಬರೂ ತಾಟಿನ ಮೇಲೆ ಬಗ್ಗಿದರು. ಅಡಿಕೆ ಉರುಳಿದವು. ಅಕ್ಕಪಕ್ಕದ ಮನೆಯವರು ಬಾಲ್ಕನಿಗೆ ಬಂದರು. ರತ್ನವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಸೌಮ್ಯಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಬಸವಕಿರಣ ಫೋನು ಎತ್ತಿ ಹಿಡಿದಿದ್ದ.

"ಸಾಕ್ರಿ ಬೀಗರ, ಹೊಟ್ಟಿ ಹರೀತೈತಿ," ಎಂದರು ಕುಮಾರಸ್ವಾಮಿಯವರು ಕೊನೆಗೆ, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ.

ಬೀಗರು! ಅದುವರೆಗೆ ಯಾರೂ ಆಡಿರದ ಮಾತು. ದಾಕ್ಷಾಯಿಣಿ ಎತ್ತಿದ ಕೈಯಿಂದಲೇ ನೆಲದ ಮೇಲಿನ ಅಡಿಕೆ ಆರಿಸಿ, ಎಲೆಯ ಮೇಲಿಟ್ಟು, ಒಳಗಿನಿಂದ ತಿರುಗಿ ಬಂದ ರತ್ನವ್ವನ ಉಡಿಗೆ ಹಾಕಿದಳು.

ಬಸವಕಿರಣ ಆ ನಗುವಿನ ವಿಡಿಯೋವನ್ನು ಎಲ್ಲರಿಗೂ ಕಳಿಸಿದ. ಸುಳ್ಳದ ಗಿರಣಿಯಲ್ಲಿ ಅದನ್ನೂ ಹಿಟ್ಟಿನ ಕೈಯಲ್ಲಿ ನೋಡಿದರು. "ಇದು ಕಂಪ್ಯೂಟರಿನ್ಯಾಗ ಮಾಡಿದ್ದು," ಎಂದು ಫಕೀರಪ್ಪ ತೀರ್ಪು ಕೊಟ್ಟ. "ಈಗ ಯಾರ ಮುಖಕ್ಕ ಬೇಕಾದ್ರೂ ನಗು ಹಚ್ಚತಾರ. ನಮ್ಮೂರ ಬಂಡೆಗಲ್ಲಿಗೆ ಮಸಿ ಬಳಿಯೂ ಹಂಚಿಕಿ." ಸದಭಿರುಚಿ ವೇದಿಕೆಯವರು ಖಂಡನಾ ಪತ್ರ ಕೊಟ್ಟರು. ಅಣ್ಣತಮ್ಮಂದಿರು ಮಾತ್ರ ವಿಡಿಯೋ ನೋಡಿದ ಮರುದಿನವೇ ಮತ್ತೆ ಬದುವಿನ ಮೇಲೆ ನಿಂತು ಜಗಳ ಹಚ್ಚಿದರು.

ಬೇಸಿಗೆಯಲ್ಲಿ ಸುಳ್ಳದಲ್ಲೇ ಮದುವೆಯಾಯಿತು. ಹಂದರದೊಳಗೆ ಎಲ್ಲರಿಗಿಂತ ತಡವಾಗಿ ಬಂದವನು ಖಡಕ್ ಕುಬೇರಪ್ಪ. ಬಸವಕಿರಣ ಕರೆದಿದ್ದ. ಅವನು ನೇರವಾಗಿ ಬೀಗರಿಬ್ಬರ ಹತ್ತಿರ ಬಂದು ಕೈ ಹಿಡಿದುಕೊಂಡ.

"ಕಾಕಾ, ನಿಮ್ಮಿಂದ ನನಗ ಹೆಸರ ಬಂತು, ಖರೇ. ಆದ್ರ ಅವತ್ತಿಂದ ನನಗ ಜೀವಕ್ಕ ಸಮಾಧಾನ ಇಲ್ರಿ. ಮೈಕ್ ಹಿಡದ್ರ ನಿಮ್ಮ ಮುಖಾನ ಕಾಣತಾವು. ನನ್ನ ಮಾತಿನ್ಯಾಗ ಏನ ಕಮ್ಮಿ ಇತ್ತು ಅಷ್ಟ ಹೇಳ್ರಿ. ಯಾಕ ನಗಲಿಲ್ರಿ?"

ಬೀಗರು ಬೀಗರನ್ನು ನೋಡಿದರು.

"ಅದು ಹೇಳಿದ್ರ ತಿಳಿಯೂದಲ್ಲ ತಮ್ಮಾ," ಎಂದ ನೀಲಕಂಠಪ್ಪ ಗಂಭೀರವಾಗಿ, ಸೊಂಟದಿಂದ ಚಂಚಿ ಬಿಚ್ಚಿ. "ಮದವಿ ಮನಿ. ಎರಡೂ ಕಡೆ ಬೀಗರು ಕೈಯಾರೆ ಕೊಡೂ ಎಲಿ. ಉಗುಳಬಾರದು ಮತ್ತ."

ಕುಮಾರಸ್ವಾಮಿಯವರು ಬೆಳ್ಳಿಯ ಡಬ್ಬಿ ತೆಗೆದರು. "ನಮ್ಮ ಕಡಿಂದೂ ಒಂದೀಟ."

ಆಗಲೇ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಆ ಫೋಟೋ ಈಗ ನೀಲಕಂಠಪ್ಪನ ಪಡಸಾಲೆಯಲ್ಲಿದೆ. ಮದುಮಕ್ಕಳು ನಗುತ್ತಿದ್ದಾರೆ, ಬೀಗತಿಯರು ನಗುತ್ತಿದ್ದಾರೆ, ಬಡೇಸಾಬ, ಮುದಕವ್ವ, ಕೊನೆಗೆ ಫಕೀರಪ್ಪನೂ ನಗುತ್ತಿದ್ದಾನೆ. ನಟ್ಟನಡುವೆ ಗುಂಗುರು ಕೂದಲಿನ ತೆಳ್ಳಗಿನವನೊಬ್ಬ ಮಾತ್ರ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅಂಗೈ ಎತ್ತಿ ಆಶೀರ್ವಾದ ಮಾಡುತ್ತ ನಿಂತಿದ್ದಾನೆ.

ನೋಡಿದವರು ಇವರ್ಯಾರು ಎಂದು ಕೇಳುತ್ತಾರೆ.

"ಭಾಳ ಗಂಭೀರ ಮನಷ್ಯಾ ಅಂವ," ಎನ್ನುತ್ತಾನೆ ನೀಲಕಂಠಪ್ಪ. ಎಡ ಹೆಗಲು ಒಮ್ಮೆ ಜಿಗಿಯುತ್ತದೆ.